ರೆಕ್ಕೆಗೆ ಹಾಕಿದ ತೇಪೆ

ಆ ತೂತು ಮುಚ್ಚಿದವಳು ನಾನೇ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಹೇಳುವಾಗ ನಾಲಿಗೆ ತೊಡರುತ್ತದೆ. ತೂತು ಕಂಡರೆ ಮುಚ್ಚುವುದು ನನ್ನ ಕಸುಬು. ಮೂವತ್ತನಾಲ್ಕು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರ ತೋಳಿನ ಹೊಲಿಗೆ ಬಿಚ್ಚಿಕೊಂಡಿದ್ದರೂ ನನ್ನ ಕೈ ಸೂಜಿಗಾಗಿ ಚೀಲದೊಳಗೆ ತಡಕಾಡುತ್ತದೆ. ಹೀಗಿರುವಾಗ ನನ್ನ ತಮ್ಮನ ವಿಮಾನದ ರೆಕ್ಕೆಯಲ್ಲಿ ಬಟಾಣಿಯಷ್ಟು ತೂತು ಕಂಡರೆ ಬಿಡುತ್ತೇನೆಯೇ?

ತಮ್ಮನಿಗೆ ನಮ್ಮ ಬೀದಿಯವರು ಇಟ್ಟ ಹೆಸರು 'ಇನ್ನೊಂದ್ಸಲ'. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿವರೆಗೆ ಹೋದವನು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಾನೆ. ಒಲೆ ಆರಿಸಿದ ಮೇಲೆ ಮೂರು ಸಲ ಮುಟ್ಟಿ ನೋಡುತ್ತಾನೆ. ಹುಟ್ಟಿನಿಂದ ಹೀಗಿರಲಿಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಸೀಟಿ ಹಾಕುತ್ತಾ ಕೆಲಸ ಮಾಡುತ್ತಿದ್ದ ಹುಡುಗ ಅವನು. ಹದಿನೆಂಟು ವರ್ಷದ ಹಿಂದೆ ಅವನು ರಿಪೇರಿ ಮಾಡಿ ಕಳಿಸಿದ್ದ ಒಂದು ಬಸ್ಸಿನ ಬ್ರೇಕು ಇಳಿಜಾರಿನಲ್ಲಿ ಹಿಡಿಯಲಿಲ್ಲ. ಬಸ್ಸು ಗೋಡೆಗೆ ಗುದ್ದಿ ನಿಂತಿತು, ಡ್ರೈವರನ ಕಾಲು ಮುರಿಯಿತು. ವಿಚಾರಣೆಯಲ್ಲಿ 'ಮೆಕ್ಯಾನಿಕ್‌ನ ಅಜಾಗರೂಕತೆ' ಎಂದು ಬರೆದು ಅವನನ್ನು ಮನೆಗೆ ಕಳಿಸಿದರು. ನಿಜಕ್ಕೂ ಅವನದೇ ತಪ್ಪಾಗಿತ್ತೇ ಎಂದು ಯಾರಿಗೂ ಗೊತ್ತಿಲ್ಲ. ಅವನಿಗೇ ಗೊತ್ತಿಲ್ಲ, ಅದೇ ಅವನನ್ನು ತಿಂದು ಹಾಕಿತು.

ಒಂದು ದಿನ ಊಟದ ತಟ್ಟೆ ಮುಂದೆ ಕೂತು ಹೇಳಿದ, ಒಂದೇ ಒಂದು ಯಂತ್ರವನ್ನು ಮೊದಲಿನಿಂದ ಕೊನೆವರೆಗೆ ತಾನೇ ಕಟ್ಟಬೇಕಂತೆ, ಅದು ಕೆಟ್ಟು ನಿಲ್ಲಬಾರದಂತೆ, ಆಗ ತನ್ನ ಕೈ ಎಂಥದೆಂದು ತನಗೆ ಗೊತ್ತಾಗುತ್ತದಂತೆ. ಹಾಗಾದರೆ ಒಂದು ಸೈಕಲ್ ಕಟ್ಟು ಮಾರಾಯ ಎಂದೆ. ಸೈಕಲ್ ಕೆಟ್ಟರೆ ಇಳಿದು ತಳ್ಳಿಕೊಂಡು ಬರಬಹುದು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದ. ಇಳಿದು ತಳ್ಳಲು ಆಗದಂಥದ್ದು ಬೇಕು ಅವನಿಗೆ. ಅನ್ನ ಕಲಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

ಒಂಬತ್ತು ವರ್ಷ ಹಿಡಿಯಿತು. ನನ್ನ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯಲ್ಲಿ ಮೊದಮೊದಲು ಮರದ ಚೌಕಟ್ಟು ಎದ್ದಿತು. ಬಟ್ಟೆ ಕೊಡಲು ಬಂದವರು ಇಣುಕಿ ನೋಡಿ, ಮಂಚ ಮಾಡಿಸುತ್ತಿದ್ದೀರಾ ಎಂದು ಕೇಳುತ್ತಿದ್ದರು. ಹೌದು, ನನ್ನ ತಮ್ಮನಿಗೆ ಮಲಗಿದರೆ ನಿದ್ದೆ ಬರುವುದಿಲ್ಲ, ಹಾರಿಕೊಂಡು ಮಲಗುತ್ತಾನಂತೆ ಎನ್ನುತ್ತಿದ್ದೆ. ಅಂದಿನಿಂದ ಅದಕ್ಕೆ ಮಂಚ ಎಂದೇ ಹೆಸರಾಯಿತು. ರೆಕ್ಕೆಗೆ ಬಟ್ಟೆ ಹೊದಿಸುವ ಹೊತ್ತಿಗೆ ನಾನೂ ಒಳಗಾದೆ. ನನ್ನ ಕತ್ತರಿಸುವ ಮೇಜಿನ ಮೇಲೆ ರೆಕ್ಕೆ ಬಂದು ಕೂತಿತು. ಅದರ ಎರಡೂ ಮುಖದ ಬಟ್ಟೆಯನ್ನು ಒಳಗಿನ ಪಟ್ಟಿಗಳಿಗೆ ಸೇರಿಸಿ ಹೊಲಿಯಬೇಕು. ರೆಕ್ಕೆಯನ್ನು ನಿಲ್ಲಿಸಿ, ಮೊಳದುದ್ದದ ಸೂಜಿಯನ್ನು ಈ ಕಡೆಯಿಂದ ನಾನು ಚುಚ್ಚುವುದು, ಆ ಕಡೆಯಿಂದ ಅವನು ಎಳೆದು ಮತ್ತೆ ನನ್ನ ಕಡೆಗೆ ಚುಚ್ಚುವುದು. ಒಬ್ಬರ ಮುಖ ಒಬ್ಬರಿಗೆ ಕಾಣದು, ಸೂಜಿ ಮಾತ್ರ ಹೋಗಿ ಬರುತ್ತಿತ್ತು. ಎರಡು ಮಳೆಗಾಲ ನಾವು ಹೀಗೇ ಮಾತಾಡಿಕೊಂಡೆವು ಎನ್ನಬೇಕು. ಆಮೇಲೆ ಇಸ್ತ್ರಿ ಪೆಟ್ಟಿಗೆ ಎಳೆದೆ. ಬಿಸಿ ತಾಗಿದ ಹಾಗೆ ಆ ಬಟ್ಟೆ ಬಿಗಿದುಕೊಂಡು, ಬೆರಳಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಮಾಡತೊಡಗಿತು. ಅದನ್ನು ಕೇಳಿದ ದಿನ ನನಗೆ ತುಂಬಾ ಹೆಮ್ಮೆಯಾಯಿತು.

ಊರಾಚೆಯ ಹುಲ್ಲಿನ ಮೈದಾನದಲ್ಲಿ ಅದನ್ನು ನಿಲ್ಲಿಸಿಕೊಂಡೆವು. ಅಷ್ಟರಲ್ಲಿ ತಮ್ಮ ಹಾರಿಸುವುದನ್ನೂ ಕಲಿತು ಪರವಾನಗಿ ಪಡೆದಿದ್ದ. ನಲವತ್ತು ಗಂಟೆ ಒಬ್ಬನೇ ಹಾರಿಸಿದ ಮೇಲೆಯೇ ಇನ್ನೊಬ್ಬರನ್ನು ಕೂರಿಸಿಕೊಳ್ಳಬಹುದೆಂದು ನಿಯಮ. ಅವನು ಹಾರಿಸಿದಷ್ಟು ದಿನವೂ ಸಂಜೆ ನಾನು ಹೋಗಿ ಎರಡೂ ರೆಕ್ಕೆಗಳ ಮೇಲೆ, ಅಡಿಯಲ್ಲಿ, ಬೆರಳಾಡಿಸಿ ನೋಡುತ್ತಿದ್ದೆ. ಕಲ್ಲಿನ ಚೂರು ತಾಗಿ ಎಲ್ಲಾದರೂ ಸಾಸಿವೆಯಷ್ಟು ತೂತಾಗಿದ್ದರೂ ಬೆರಳಿಗೆ ತಿಳಿಯುತ್ತದೆ. ಆಗ ಅಂಚು ಬಿಚ್ಚದ ಹಾಗೆ ಹಲ್ಲುಹಲ್ಲಾಗಿ ಕತ್ತರಿಸುವ ಕತ್ತರಿಯಿಂದ ಗುಂಡಗೆ ತೇಪೆ ಕತ್ತರಿಸಿ, ಅಂಟು ಹಚ್ಚಿ, ಸಣ್ಣ ಇಸ್ತ್ರಿ ಒತ್ತಿ, ಮೇಲೊಂದು ಬಣ್ಣದ ಕೈ ಕೊಟ್ಟರೆ ಮುಗಿಯಿತು. ನಾನು ಹಾಕಿದ ತೇಪೆಯನ್ನು ನಾನೇ ಹುಡುಕಬೇಕಾಗುತ್ತಿತ್ತು.

ಈಗ ಆ ತೂತಿನ ವಿಷಯ. ಪೆಟ್ರೋಲ್ ಟ್ಯಾಂಕಿಗೆ ಉಸಿರಾಡಲು ಒಂದು ದಾರಿ ಬೇಕಂತೆ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗಬೇಕು, ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ರೆಕ್ಕೆಯೊಳಗಿದ್ದ ಆ ಟ್ಯಾಂಕಿನ ಉಸಿರು ಮೊದಲು ಮುಚ್ಚಳದಲ್ಲೇ ಇತ್ತು. ಅದರಿಂದ ಪೆಟ್ರೋಲ್ ಚಿಮ್ಮಿ ರೆಕ್ಕೆಯ ಮೇಲೆ ಹಳದಿ ಕಲೆ ಮಾಡುತ್ತಿತ್ತು. ನನ್ನ ಬಟ್ಟೆಯ ಮೇಲೆ ಕಲೆ ಎಂದು ನಾನು ತಿಂಗಳುಗಟ್ಟಲೆ ಅವನ ತಲೆ ತಿಂದಿದ್ದೆ. ನನ್ನನ್ನು ಕೂರಿಸಿಕೊಂಡು ಹಾರುವ ಹಿಂದಿನ ದಿನ ಅವನು ತೂತಿಲ್ಲದ ಮುಚ್ಚಳ ಹಾಕಿ, ಉಸಿರಿಗೆಂದು ಸಪೂರ ನಳಿಕೆಯೊಂದನ್ನು ರೆಕ್ಕೆಯ ಅಡಿಗೆ ತಂದು, ಬಟ್ಟೆಯಲ್ಲಿ ಬಟಾಣಿಯಷ್ಟು ತೂತು ಮಾಡಿ ಬಟ್ಟೆಯ ಮಟ್ಟಕ್ಕೇ ಕೂರಿಸಿದ್ದ. ನನಗೆ ಹೇಳಲಿಲ್ಲ. ಅಕ್ಕ ತಾನಾಗಿಯೇ ಕಲೆಯಿಲ್ಲದ ರೆಕ್ಕೆ ನೋಡಿ ಖುಷಿಪಡಲಿ ಎಂದುಕೊಂಡನಂತೆ.

ಆ ಸಂಜೆ ಅವನು ಪೆಟ್ರೋಲ್ ತರಲು ಹೋಗಿದ್ದಾಗ ಆ ತೂತು ನನ್ನ ಬೆರಳಿಗೆ ಸಿಕ್ಕಿತು, ಮಬ್ಬಿನಲ್ಲಿ ಒಳಗಿನ ನಳಿಕೆ ಕಾಣಲಿಲ್ಲ. ಸ್ಕ್ರೂಡ್ರೈವರ್ ಚುಚ್ಚಿಸಿದ್ದಾನೆ ದಡ್ಡ ಎಂದು ಗೊಣಗಿಕೊಂಡು, ನನ್ನ ಜೀವನದಲ್ಲೇ ಅಚ್ಚುಕಟ್ಟಾದ ತೇಪೆಯೊಂದನ್ನು ಹಾಕಿದೆ. ಮರುದಿನ ಬೆಳಗ್ಗೆ ಅವನು ನೋಡಬೇಕಾದವುಗಳ ಪಟ್ಟಿ ಹಿಡಿದು ಇಡೀ ವಿಮಾನವನ್ನು ಮೂರು ಸಲ ಪರೀಕ್ಷಿಸಿದ. ಪಟ್ಟಿಯಲ್ಲಿದ್ದದ್ದು ಹಳೆಯ ಮುಚ್ಚಳದ ತೂತು, ಹೊಸ ನಳಿಕೆಯನ್ನು ಇನ್ನೂ ಸೇರಿಸಿರಲಿಲ್ಲ. ಮೂರು ಸಲ ನೋಡುವವನು ಪಟ್ಟಿಯಲ್ಲಿಲ್ಲದ್ದನ್ನು ಒಂದು ಸಲವೂ ನೋಡಲಿಲ್ಲ.

ಇಬ್ಬರ ಭಾರವೆಂದು ಅರ್ಧ ಟ್ಯಾಂಕ್ ಮಾತ್ರ ತುಂಬಿಸಿದ. ನನ್ನ ಕಿವಿಗೆ ಹತ್ತಿ ತುರುಕಿ, ಹೊಟ್ಟೆಗೆ ಪಟ್ಟಿ ಬಿಗಿದು, ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದ. ನಾನು ಕಣ್ಣು ಮುಚ್ಚಿಕೊಂಡೆ. ಚಕ್ರದ ಗಡಗಡ ಇದ್ದಕ್ಕಿದ್ದಂತೆ ನಿಂತುಹೋಯಿತು. ಏನೋ ಕೆಟ್ಟಿತು ಎಂದುಕೊಂಡು ಕಣ್ಣು ಬಿಟ್ಟರೆ ನೆಲವೇ ಇರಲಿಲ್ಲ.

ಆಮೇಲಿನದನ್ನು ನೆನೆದರೆ ನಡೆದದ್ದೋ ಕನಸಿನಲ್ಲಿ ಕಂಡದ್ದೋ ಎಂದು ಈಗಲೂ ಅನುಮಾನವಾಗುತ್ತದೆ. ಕೆಳಗೆ ಮಂಜು ಇತ್ತು. ಮಂಜಿನೊಳಗಿಂದ ನೀರಿನ ಟ್ಯಾಂಕು, ಶಾಲೆಯ ಮಾಡು, ಒಂದು ಮರದ ತುದಿ ಮಾತ್ರ ಮೇಲೆದ್ದು, ಉಳಿದ ಊರು ಇನ್ನೂ ಹೊದ್ದು ಮಲಗಿತ್ತು. ಮಂಜು ಸರಿದ ಕಡೆ ನಮ್ಮ ಬೀದಿ ಎಲ್ಲಿ ಎಂದು ಹುಡುಕಿದೆ. ಮೂವತ್ತನಾಲ್ಕು ವರ್ಷ ದಿನಾ ನಡೆದ ಬೀದಿ ನನ್ನ ಕಿರುಬೆರಳಿನಡಿಯಲ್ಲಿ ಮುಚ್ಚಿಹೋಗುವಷ್ಟಿತ್ತು. ಅಲ್ಲಿ ನಡೆದ ಜಗಳಗಳು, ಅಳತೆ ತಪ್ಪಿದ ಕೋಟುಗಳು, ಅಪ್ಪ ಅಮ್ಮ ಹೋದದ್ದು, ಮದುವೆ ಬೇಡವೆಂದು ನಾನು ಬಾಗಿಲು ಹಾಕಿಕೊಂಡದ್ದು, ಎಲ್ಲಾ ಆ ಬೆರಳಿನಡಿಯಲ್ಲೇ ನಡೆದದ್ದೇ ಎಂದು ಆಶ್ಚರ್ಯವಾಯಿತು. ಬಿಸಿಲು ರೆಕ್ಕೆಯ ಬಟ್ಟೆಯನ್ನು ತೂರಿಕೊಂಡು ಬಂತು. ನಾನು ಹಾಕಿದ ಒಂದೊಂದು ಹೊಲಿಗೆಯೂ ತಲೆಯ ಮೇಲೆ ಕಪ್ಪಾಗಿ ಸಾಲುಗಟ್ಟಿ ಕಂಡಿತು. ನಾನು ಹೊಲಿದದ್ದನ್ನು ಇಡೀ ಬೆಳಗು ಉಟ್ಟುಕೊಂಡಿದೆ ಎನ್ನಿಸಿ ಕಣ್ಣು ತುಂಬಿತು.

ತಮ್ಮನನ್ನು ನೋಡಿದೆ. ಹದಿನೆಂಟು ವರ್ಷದಿಂದ ನಾನು ಕಾಣದ ಮುಖ ಅಲ್ಲಿತ್ತು. ಅವನ ತುಟಿ ಗುಂಡಗಾಗಿತ್ತು. ಇಂಜಿನ್ನಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ, ಆದರೆ ಅವನು ಸೀಟಿ ಹಾಕುತ್ತಿದ್ದ.

ಆಗ ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಎದುರಿಗೆ ಅಷ್ಟು ಹೊತ್ತು ಗರಗರ ತಿರುಗುತ್ತಾ ಕಣ್ಣಿಗೆ ಕಾಣದಿದ್ದ ಮೂತಿಯ ಪಂಕ ನಿಧಾನವಾಗಿ ಕಾಣಿಸಿಕೊಂಡು, ಅಡ್ಡವಾಗಿ ನಿಂತುಬಿಟ್ಟಿತು.

ಅಂಥ ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ. ಕಿವಿಯ ಹತ್ತಿ ತೆಗೆದೆ. ಗಾಳಿ ಮಾತ್ರ, ಯಾರೋ ಪಕ್ಕದ ಕೋಣೆಯಲ್ಲಿ ರೇಷ್ಮೆ ಮಡಚಿಡುತ್ತಿರುವ ಹಾಗೆ ಸರಸರ ಎನ್ನುತ್ತಿತ್ತು. ನಾವು ಬೀಳುತ್ತಿರಲಿಲ್ಲ. ಮೂತಿ ತುಸು ಬಗ್ಗಿಸಿ ಜಾರುತ್ತಿದ್ದೆವು. ತಮ್ಮ ಗುಂಡಿ ಒತ್ತಿದ, ಎಳೆದ, ತಿರುಗಿಸಿದ, ಮತ್ತೆ ಮೊದಲಿನಿಂದ ಒತ್ತಿದ. ಪಂಕ ಒಂದು ಸುತ್ತು ತಿರುಗಿ ಮತ್ತೆ ನಿಂತಿತು. ಸೀಟಿ ಹಾಕುತ್ತಿದ್ದ ತುಟಿ ಬಿಳಚಿಕೊಂಡಿತ್ತು.

"ನನ್ನ ಕೈಯೇ ಸರಿ ಇಲ್ಲ ಅಕ್ಕಾ," ಎಂದ. ಎಷ್ಟು ಮೆಲ್ಲಗೆ ಎಂದರೆ, ನೆಲದ ಮೇಲಾಗಿದ್ದರೆ ಕೇಳುತ್ತಿರಲಿಲ್ಲ. "ಅವತ್ತೂ ನಂದೇ ತಪ್ಪು. ಇವತ್ತು ಗೊತ್ತಾಯ್ತು."

ನನಗೆ ಸಾವಿನ ಭಯವಾಗಲಿಲ್ಲ, ಸಿಟ್ಟು ಬಂತು. ಒಂಬತ್ತು ವರ್ಷ ಕಟ್ಟಿದ್ದನ್ನು ಒಂದು ಕೆಮ್ಮಿಗೆ ಕೆಡವಿ ಹಾಕುತ್ತಿದ್ದಾನಲ್ಲ ಎಂದು ಮೈ ಉರಿಯಿತು.

"ಸರಿ ಇದೆಯೋ ಇಲ್ಲವೋ, ಈಗ ಆ ಕೈಲೇ ಇಳಿಸ್ಬೇಕು," ಎಂದೆ. "ಇಲ್ಲಿ ಬೇರೆ ಯಾರ ಕೈಯೂ ಇಲ್ಲ. ನನಗಂತೂ ಬರಲ್ಲ."

ಅವನು ನನ್ನ ಕಡೆ ತಿರುಗಿ ನೋಡಿದ, ಆಮೇಲೆ ಕೆಳಗೆ ನೋಡಿದ. ಮೈದಾನ ದೂರವಿತ್ತು, ತಲುಪುವುದಿಲ್ಲ. ಹೊಳೆಯ ಆಚೆ ಕಟಾವಾದ ಹೊಲವೊಂದನ್ನು ಆರಿಸಿಕೊಂಡು ಅದರ ಕಡೆ ತಿರುಗಿಸಿದ. ನಾಲ್ಕು ನಿಮಿಷ ಇತ್ತು ನಮ್ಮ ಬಳಿ ಎಂದು ಆಮೇಲೆ ಹೇಳಿದರು. ನನಗೆ ಅದು ಒಂದು ಇಡೀ ಮಧ್ಯಾಹ್ನದಷ್ಟು ಉದ್ದವಿತ್ತು. ಕೊಕ್ಕರೆಗಳ ಹಿಂಡೊಂದು ನಮ್ಮ ಪಕ್ಕಕ್ಕೆ ಬಂದು, ಸ್ವಲ್ಪ ದೂರ ಜೊತೆಯಲ್ಲೇ ಸಾಗಿ, ನಮ್ಮಲ್ಲಿ ಏನೂ ವಿಶೇಷವಿಲ್ಲವೆಂದು ಬಿಟ್ಟುಹೋಯಿತು. ಹೊಳೆಯಲ್ಲಿ ನಮ್ಮ ನೆರಳು ಕಂಡಿತು. ನೀರಿನ ಮೇಲೆ ಒಂದು ಮಂಚದ ನೆರಳು, ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಹಸುವೊಂದು ತಲೆಯೆತ್ತಿ ನೋಡಿದ್ದು ಕಂಡಿತು, ಅದರ ಕೊರಳ ಗಂಟೆ ಕೇಳಿಸಿತು. ಆಕಾಶದಲ್ಲಿ ಕೂತು ಹಸುವಿನ ಗಂಟೆ ಕೇಳುವವರು ಎಷ್ಟು ಜನರಿದ್ದಾರು ಎಂದುಕೊಂಡೆ. ಸಾಯುವುದೇ ಆದರೆ ಇದಿಷ್ಟು ಉದ್ದವಾಗಿರಲಿ ಎಂದೂ ಅನ್ನಿಸಿತು.

ತಮ್ಮ ತನ್ನಷ್ಟಕ್ಕೆ ಒಂದೊಂದೇ ಹೇಳಿಕೊಳ್ಳುತ್ತಿದ್ದ. ಪೆಟ್ರೋಲ್ ಬಂದ್. ಸ್ವಿಚ್ ಬಂದ್. ಬಾಗಿಲು ಸಡಿಲ. ಎಲ್ಲವನ್ನೂ ಒಂದೇ ಸಲ ಮಾಡಿದ, ಯಾವುದನ್ನೂ ತಿರುಗಿ ಮುಟ್ಟಲಿಲ್ಲ. ಅದನ್ನು ನಾನು ಗಮನಿಸಿದೆ, ಅವನು ಗಮನಿಸಲಿಲ್ಲ. ಹೊಲದ ಅಂಚಿನಲ್ಲಿ ಕರೆಂಟಿನ ತಂತಿಗಳಿದ್ದವು. ಅವುಗಳನ್ನು ದಾಟಿದ ಮೇಲೆ, ಬೇಗ ಕೆಳಗಿಳಿಯಲು ವಿಮಾನವನ್ನು ಓರೆ ಮಾಡಿ ಪಕ್ಕಕ್ಕೆ ಜಾರಿಸಿದ, ಮತ್ತೆ ನೆಟ್ಟಗೆ ಮಾಡಿದ. ಕೊಯ್ದ ಕೂಳೆಗಳು ಚಕ್ರಕ್ಕೆ ಬಡಿದ ಸದ್ದು ಕೇಳಿತು. ಒಮ್ಮೆ ನೆಗೆದೆವು, ಮತ್ತೆ ಕೂತೆವು. ಹಿಂದಿನ ಪುಟ್ಟ ಚಕ್ರ ಬದುವಿಗೆ ಬಡಿದು ಕಳಚಿಹೋಯಿತು. ಅಷ್ಟೇ. ನಿಂತಿತು.

ಇಬ್ಬರೂ ಹೊಟ್ಟೆಯ ಪಟ್ಟಿ ಬಿಚ್ಚಿಕೊಂಡೆವು. ನೆಲ ಇನ್ನೂ ಜಾರುತ್ತಿರುವ ಹಾಗೆ ಅನ್ನಿಸುತ್ತಿತ್ತು. ಹೊಲದ ಯಜಮಾನಿ ಕೊಡದಲ್ಲಿ ನೀರು ಹೊತ್ತು ನಡೆದು ಬಂದಳು. ಮೊದಲು ನೀರು ಕೊಟ್ಟಳು, ಆಮೇಲೆ ಯಾರ ಮನೆಗೆ ಬಂದವರು ಎಂದು ಕೇಳಿದಳು. ನಿಮ್ಮ ಮನೆಗೇ ಎಂದೆ. ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ, ನಗುತ್ತಲೇ ಅತ್ತುಬಿಟ್ಟೆ.

ತಮ್ಮ ಇಳಿದವನೇ ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ನನಗೂ ಕೇಳಿಸಿತು. ಅವನು ತಟಕ್ಕನೆ ಬಗ್ಗಿ ರೆಕ್ಕೆಯ ಅಡಿಗೆ ಹೋಗಿ, ಬೆರಳಿಂದ ಒಂದು ಜಾಗವನ್ನು ಸವರಿದ. ನನ್ನ ಕಡೆ ನೋಡಿದ. ಏನಾಯಿತು ಎಂದು ಕೇಳಿದೆ. ಏನಿಲ್ಲ ಎಂದ. ವಿಮಾನದ ಕಚೇರಿಗೆ ಫೋನ್ ಮಾಡಿದಾಗ, ತನಿಖೆಯವರು ಬರುವವರೆಗೆ ಏನನ್ನೂ ಮುಟ್ಟಬೇಡಿ, ಇಂಜಿನ್ ಚಾಲೂ ಮಾಡಬೇಡಿ ಎಂದರಂತೆ. ಹೀಗಾಗಿ ನಾವು ರೆಕ್ಕೆಯ ನೆರಳಲ್ಲಿ ಕೂತು ಕಾದೆವು. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

ತನಿಖೆಯವನು ಮಧ್ಯಾಹ್ನ ಬಂದ. ತೆಳ್ಳಗಿನ ಮನುಷ್ಯ, ಶೂಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆದ ಮೇಲೆಯೇ ಕಾಗದ ತೆರೆದ. ಹೇಗೆ ನಿಂತಿತು, ಎಷ್ಟು ಎತ್ತರದಲ್ಲಿ ಎಂದೆಲ್ಲಾ ಕೇಳಿ ಬರೆದುಕೊಂಡ. ತಮ್ಮ ಎಲ್ಲಕ್ಕೂ ಉತ್ತರ ಕೊಟ್ಟು, ಅವನನ್ನು ರೆಕ್ಕೆಯ ಅಡಿಗೆ ಕರೆದುಕೊಂಡು ಹೋದ. ನಾನೂ ಹಿಂದೆಯೇ ಹೋದೆ.

"ಟ್ಯಾಂಕಿನ ಗಾಳಿಯ ನಳಿಕೆ ಇಲ್ಲಿ ಬರುತ್ತೆ ಸರ್," ಎಂದ. "ಬಟ್ಟೆ ಅಂಟಿಸಿ ಮುಚ್ಚಿಬಿಟ್ಟಿದೀನಿ. ನಾನೇ. ಅಜಾಗರೂಕತೆ ಅಂತ ಬರ್ಕೊಳ್ಳಿ."

ಅವನ ಬೆರಳು ತೋರಿಸುತ್ತಿದ್ದದ್ದು ನನ್ನ ತೇಪೆಯನ್ನು. ಕಾಲ ಕೆಳಗಿನ ನೆಲ ಕುಸಿಯಿತು ಎನ್ನುತ್ತಾರಲ್ಲ, ಆಕಾಶದಲ್ಲಿ ಆಗದ್ದು ನನಗೆ ಅಲ್ಲಿ ಆಯಿತು. ಸುಳ್ಳು ಹೇಳಲು ಅವನಿಗೆ ಕಷ್ಟವೇ ಆಗಲಿಲ್ಲ. ತಪ್ಪು ತನ್ನದು ಎನ್ನುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ನನಗೋ, ಇಷ್ಟು ವರ್ಷದಲ್ಲಿ ನನ್ನ ಅಂಗಡಿಯಿಂದ ಹೋದ ಒಂದು ಅಂಗಿಯೂ ಹೊಲಿಗೆ ಕೆಟ್ಟಿದೆ ಎಂದು ವಾಪಸ್ ಬಂದಿಲ್ಲವೆಂಬ ಜಂಬ. ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಆ ಕ್ಷಣವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

"ಅದು ನನ್ನ ಕೆಲಸ," ಎಂದೆ. "ಆ ಅಂಚು ನೋಡಿ ಸರ್. ಹಾಗೆ ಗುಂಡಗೆ ಕತ್ತರಿಸೋದು ಇವನ ಏಳು ಜನ್ಮಕ್ಕೂ ಬರಲ್ಲ."

ತಮ್ಮ ಬಾಯಿ ಹಾಕಲು ನೋಡಿದ. ತನಿಖೆಯವನು ಕೈ ತೋರಿಸಿ ಅವನನ್ನು ತಡೆದು, ನನ್ನಿಂದ ಎಲ್ಲವನ್ನೂ ಕೇಳಿಸಿಕೊಂಡ. ನಾನು ಸಂಜೆಯ ಬೆರಳಾಡಿಸುವಿಕೆಯಿಂದ ಬಣ್ಣದ ಕೈವರೆಗೆ ಒಂದೂ ಬಿಡದೆ ಹೇಳಿದೆ. ಆಮೇಲೆ ಅವನು ಕಾಗದ ಮಡಚಿ, ತೇಪೆ ತೆಗೆದು ಇಂಜಿನ್ ಓಡಿಸಿ ನೋಡೋಣ, ಓಡಿದರೆ ಇಂಜಿನ್ನಿನ ದೋಷವಲ್ಲ, ಓಡದಿದ್ದರೆ ಬೇರೆ ಏನೋ ಇದೆ ಎಂದ.

ಆಕಾಶದಲ್ಲಿ ಗುಂಡಿ ಒತ್ತಿ ಒತ್ತಿ ಬ್ಯಾಟರಿ ಇಳಿದಿತ್ತು, ತಮ್ಮ ಪಂಕವನ್ನು ಕೈಯಿಂದಲೇ ತಿರುಗಿಸಬೇಕಿತ್ತು. ಪಂಕದ ಹತ್ತಿರ ಹೋದವನು ಕೈ ಎತ್ತಲಿಲ್ಲ. ಅವನ ಹೆದರಿಕೆ ನನಗೆ ಅರ್ಥವಾಯಿತು. ತೇಪೆ ತೆಗೆದ ಮೇಲೂ ಓಡದಿದ್ದರೆ ಅವನಿಗೆ ಬಚ್ಚಿಟ್ಟುಕೊಳ್ಳಲು ಇನ್ನು ಏನೂ ಉಳಿಯುವುದಿಲ್ಲ. ಬೇಡ ಸರ್, ನಾನೇ ಅಂತ ಬರೆದುಬಿಡಿ ಎಂದು ಅಂಗಲಾಚಿದ.

ನಾನು ರೆಕ್ಕೆಯ ಅಡಿಗೆ ಹೋಗಿ ಉಗುರಿನಿಂದ ತೇಪೆ ಕೀಳತೊಡಗಿದೆ. ಹಾಳಾದದ್ದು ಬರಲೇ ಇಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದೆ. ಎರಡು ಉಗುರು ಮುರಿದವು, ಬೆರಳಲ್ಲಿ ರಕ್ತ ಬಂತು. ಕೊನೆಗೂ ಕಿತ್ತು ಬಂದಾಗ ನಳಿಕೆಯ ಪುಟ್ಟ ಬಾಯಿ ಕಂಡಿತು. ಅದಕ್ಕೆ ಬಾಯಿಟ್ಟು ಊದಿದೆ, ಟ್ಯಾಂಕಿನೊಳಗೆ ಗುಳುಗುಳು ಎಂದಿತು.

"ತಿರುಗಿಸು," ಎಂದೆ.

ಚಕ್ರಕ್ಕೆ ಕಲ್ಲು ಕೊಟ್ಟೆವು. ಹೊಲದ ಯಜಮಾನಿ ವಿಮಾನದ ಬಾಲ ಹಿಡಿದುಕೊಂಡಳು. ತಮ್ಮ ಪೆಟ್ರೋಲ್ ಬಿಟ್ಟು, ಸ್ವಿಚ್ ಹಾಕಿ ಬಂದು ಕಣ್ಣು ಮುಚ್ಚಿಕೊಂಡು ಪಂಕ ಎಳೆದ. ಒಂದೇ ಏಟಿಗೆ ಹತ್ತಿಕೊಂಡಿತು. ಕೂಳೆಯ ಧೂಳೆಲ್ಲಾ ಎದ್ದು ಬಿಸಿಲಲ್ಲಿ ಹೊಳೆಯತೊಡಗಿತು, ನಮ್ಮೆಲ್ಲರ ಬಟ್ಟೆಗಳು ಪಟಪಟ ಎಂದವು. ತನಿಖೆಯವನು ಕಾಗದವನ್ನು ಎದೆಗೆ ಒತ್ತಿಕೊಂಡು ಗಡಿಯಾರ ನೋಡಿದ. ಐದು ನಿಮಿಷ, ಹತ್ತು ನಿಮಿಷ. ಒಂದು ಕೆಮ್ಮೂ ಇಲ್ಲ. ಅವನು ರೆಕ್ಕೆಯ ಕಂಬಕ್ಕೆ ಒರಗಿ ಬರೆದದ್ದನ್ನು ನಾನು ಭುಜದ ಮೇಲಿಂದ ಓದಿದೆ. ಇಂಜಿನ್‌ನಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಕೆಳಗಿನ ಸಾಲಿನಲ್ಲಿ, ಗಾಳಿಯ ನಳಿಕೆಯನ್ನು ದರ್ಜಿಯಾದ ಸಹೋದರಿ ತಿಳಿಯದೆ ಮುಚ್ಚಿದ್ದಾರೆ ಎಂದಿತ್ತು. ನಮ್ಮಿಬ್ಬರನ್ನೂ ಕೊಲ್ಲುವುದರಲ್ಲಿದ್ದವಳು ನಾನು. ನಾಚಿಕೆಯಿಂದ ಸತ್ತುಹೋಗಬೇಕಿತ್ತು, ಆದರೆ ನನ್ನ ಬದುಕಿನಲ್ಲಿ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಸಾಕು, ಇನ್ನು ನಿಲ್ಲಿಸಿ ಎಂದು ತನಿಖೆಯವನು ಸನ್ನೆ ಮಾಡಿದ. ತಮ್ಮ ಕಣ್ಣು ಬಿಡಲಿಲ್ಲ. ಇಂಜಿನ್ನಿನ ಪಕ್ಕದಲ್ಲಿ ತಲೆ ಓರೆ ಮಾಡಿಕೊಂಡು ನಿಂತು ಕೇಳುತ್ತಿದ್ದ, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಹತ್ತಿರ ಹೋಗಿ ಅವನ ಕಿವಿಯಲ್ಲಿ ಕೂಗಿ ಹೇಳಿದೆ, ನಿಲ್ಲಿಸಬೇಕಂತೆ.

"ಇರಲಿ ಅಕ್ಕಾ," ಎಂದ. "ಇನ್ನು ಸ್ವಲ್ಪ ಹೊತ್ತು ಓಡಲಿ."

ತನಿಖೆಯವನು ನನ್ನ ಮುಖ ನೋಡಿದ, ಆಮೇಲೆ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಬದುವಿನ ಮೇಲೆ ಕೂತ. ಪೆಟ್ರೋಲ್ ಮುಗಿಯುವವರೆಗೂ ಓಡಿತು.